ಕುದಿ ಕರೆಯುವ ತನಕ

ಪೊಳಲಿಯ ಜಾತ್ರೆ ಯಾವತ್ತು ಶುರುವಾಗುತ್ತದೆಂದು ಬಂಟ್ವಾಳ ತಾಲೂಕಿನ ಮಕ್ಕಳಿಗೂ ಗೊತ್ತು. ಯಾವತ್ತು ಮುಗಿಯುತ್ತದೆಂದು ಮಾತ್ರ ಮೊದಲೇ ಯಾರೂ ಹೇಳಲಾರರು. ಮೀನ ಸಂಕ್ರಮಣದಂದು, ಅಂದರೆ ಮಾರ್ಚ್ ನಡುವಿನಲ್ಲಿ, ರಾಜರಾಜೇಶ್ವರಿಯ ಸನ್ನಿಧಿಯಲ್ಲಿ ಕೊಡಿ ಏರುತ್ತದೆ. ಪುತ್ತಿಗೆಯ ಜೋಯಿಸರಲ್ಲಿ ಕೇಳಿಕೊಂಡು ಬಂದ ಮೇಲೆ, ಈ ವರ್ಷ ಇಷ್ಟು ದಿನದ ಜಾತ್ರೆ ಎಂದು ದೇವಸ್ಥಾನದಲ್ಲಿ ಸಾರುತ್ತಾರೆ. ಅದೇ ಕುದಿ ಕರೆಯುವುದು. 28 ದಿನವೆಂದರೆ ಒಂದು ಲೆಕ್ಕ, 30 ಎಂದರೆ ಇನ್ನೊಂದು. ಐದು ದಿನದ ಚೆಂಡಿನಾಟ, ತೇರು, ಆರಡವೆಂಬ ಅವಭೃತ ಎಲ್ಲಕ್ಕೂ ತಾರೀಕು ಹುಟ್ಟುವುದು ಆ ಒಂದು ಕರೆಯಿಂದ.

ನಾನು ಬಿ.ಸಿ. ರೋಡಿನಲ್ಲಿ ಪ್ರೆಸ್ ಇಟ್ಟುಕೊಂಡಿದ್ದವನು. ಚೆಂಡಿನ ರಾತ್ರಿಗಳಲ್ಲಿ ಯಕ್ಷಗಾನದ ಆಟವನ್ನೋ ತುಳು ನಾಟಕವನ್ನೋ ಆಡಿಸುವ ಸಂಘದವರು ಸಂಕ್ರಮಣಕ್ಕೆ ಮೊದಲೇ ನೋಟೀಸಿನ ಮಾತು ಬರೆದು ತರುತ್ತಿದ್ದರು. ಪ್ರಸಂಗದ ಹೆಸರು, ವೇಷಧಾರಿಗಳ ಹೆಸರು, ಅನ್ನದಾನ ಯಾರದು ಎಂಬುದೆಲ್ಲ ಇರುತ್ತಿತ್ತು, ತಾರೀಕು ಇರುತ್ತಿರಲಿಲ್ಲ. ನಾವು ಮೊಳೆ ಜೋಡಿಸಿ, ಪ್ರೂಫ್ ತಿದ್ದಿ, ತಾರೀಕಿನ ಜಾಗಕ್ಕೆ ಸೀಸದ ಖಾಲಿ ತುಂಡು ತುಂಬಿ ಫಾರಂ ಬಿಗಿದಿಡುತ್ತಿದ್ದೆವು. ಕುದಿಯ ಸುದ್ದಿ ಬರುತ್ತಿದ್ದುದು ಪೊಳಲಿ ಕಡೆಯ ಬಸ್ಸಿನಲ್ಲಿ. ಕಂಡಕ್ಟರು ಇಳಿಯುವ ಮೊದಲೇ ಬಾಗಿಲಿಂದ ಕೂಗಿ ಹೇಳುತ್ತಿದ್ದ. ಖಾಲಿ ತುಂಡು ಕಿತ್ತು ಅಂಕಿ ಕೂರಿಸಿ, ಗೂಟ ಬಡಿದು ಬಿಗಿ ಮಾಡಿ, ಟ್ರೆಡಲ್ ತುಳಿದರೆ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಗುಲಾಬಿ ಕಾಗದದ ಕಟ್ಟುಗಳು ಹೊರಗೆ ಬೀಳುತ್ತಿದ್ದವು.

ನಮಗೆ ಸಾಲದೆ ಬರುತ್ತಿದ್ದ ಮೊಳೆ ಯಾವುದೆಂದರೆ ‘ಶ್ರೀ’. ಸಮಿತಿಯ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಶ್ರೀ ಬೇಕು, ಒಬ್ಬರಿಗೆ ಬಿಟ್ಟರೂ ಊರಲ್ಲಿ ಮನಸ್ತಾಪ. ಖಾನೆಯಲ್ಲಿದ್ದ ಶ್ರೀಗಳೆಲ್ಲ ಮುಗಿದಾಗ ದಪ್ಪ ಅಕ್ಷರದ ಖಾನೆಯಿಂದ ತೆಗೆಯುತ್ತಿದ್ದೆವು. ಹಾಗಾಗಿ ಆ ಕಾಲದ ನೋಟೀಸುಗಳಲ್ಲಿ ಪಟ್ಟಿಯ ಕೊನೆಗಿರುವವರ ಶ್ರೀ ಮೇಲಿನವರದಕ್ಕಿಂತ ದಪ್ಪಗಿರುತ್ತದೆ.

ಪೊಳಲಿಯ ದಿನ ಹೇಳುವ ಅಧಿಕಾರ ಪುತ್ತಿಗೆಗೆ ಹೇಗೆ ಬಂತು? ಮೂಡುಬಿದಿರೆಯಲ್ಲಿ ಅರಮನೆ ಏಳುವ ಮೊದಲು ಚೌಟ ಅರಸರ ಬೀಡು ಪುತ್ತಿಗೆಯಲ್ಲಿತ್ತು. ಅವರು ನಂಬಿಕೊಂಡು ಬಂದ ದೇವರು ಅಲ್ಲಿನ ಸೋಮನಾಥ. ಚೆಂಡನ್ನು ಚರ್ಮದಲ್ಲಿ ಹೊಲಿದು ಕೊಡುವ ಮನೆತನ ಇರುವುದು ಮೂಡುಬಿದಿರೆಯ ಪಕ್ಕದ ಮಿಜಾರಿನಲ್ಲಿ, ಅದರ ಖರ್ಚು ಹೊತ್ತು ಪೊಳಲಿಗೆ ತಂದೊಪ್ಪಿಸುವ ಹಕ್ಕು ಎಣ್ಣೆಗಾಣದ ಮನೆತನವೊಂದರದು. ದಿನ ಬರುವುದೂ ಚೆಂಡು ಬರುವುದೂ ಒಂದೇ ದಿಕ್ಕಿನಿಂದ. ಫಲ್ಗುಣಿ ಹೊಳೆಯ ದಡದ ಈ ಉತ್ಸವಕ್ಕೆ ಒಂದು ಕಾಲದಲ್ಲಿ ಚೌಟರ ಅಪ್ಪಣೆ ಬೇಕಿತ್ತು, ಅರಸೊತ್ತಿಗೆ ಹೋದ ಮೇಲೂ ಆ ಅಪ್ಪಣೆಯ ದಾರಿ ಉಳಿದುಕೊಂಡಿತು ಎಂಬುದು ನನ್ನ ಊಹೆ. ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಇಂಥ ಕಟ್ಟಳೆಗಳನ್ನೂ ಓದಬೇಕು.

ಅಚ್ಚು ಬರುವ ಮೊದಲು ಊರಿಗೆ ಹೇಳಿಕೆ ಮುಟ್ಟುತ್ತಿದ್ದ ದಾರಿಗಳು ಹಲವು. ದೇವಸ್ಥಾನದಲ್ಲಿ ಗೊನೆ ಮುಹೂರ್ತವಾಯಿತೆಂದರೆ, ಅಂದರೆ ಜಾತ್ರೆಗೆಂದು ಬಾಳೆಗೊನೆ ಕಡಿದರೆಂದರೆ, ಆ ಸುದ್ದಿ ಗ್ರಾಮದ ಕೊನೆಯ ಮನೆಯವರೆಗೂ ತಾನೇ ನಡೆದುಕೊಂಡು ಹೋಗುತ್ತಿತ್ತು. ಯಕ್ಷಗಾನಕ್ಕೆ ಕೇಳಿ ಬಡಿಯುವ ಕ್ರಮವಿತ್ತು. ಮೇಳದವರು ಪೆಟ್ಟಿಗೆಗಳನ್ನು ತಲೆಹೊರೆಯಲ್ಲಿ ಹೊರಿಸಿಕೊಂಡು ಬಂದಿಳಿದ ಮೇಲೆ, ಹೊತ್ತು ಕಂತುವಾಗ ಚೆಂಡೆಯ ಪೆಟ್ಟು ಗದ್ದೆ ದಾಟಿ ಕೇಳಿಸುತ್ತಿತ್ತು. ಕೇಳಿಸಿದಷ್ಟು ದೂರದವರೆಲ್ಲ ಬೇಗ ಉಂಡು, ಚಾಪೆ ಸುತ್ತಿಕೊಂಡು, ತೆಂಗಿನ ಗರಿಯ ಸೂಟೆ ಹಿಡಿದು ಹೊರಡುವುದು.

ಸಿರಿ ಜಾತ್ರೆಗೆ ಅಷ್ಟೂ ಬೇಕಿರಲಿಲ್ಲ. ಬೇಸಗೆ ತಿಂಗಳ ಹುಣ್ಣಿಮೆ ಬಂತೆಂದರೆ ಸಿರಿ, ಕುಮಾರ ಸೇರುವ ಆಲಡೆಗಳಿಗೆ ಹೆಂಗಸರು ಹೊರಟೇಬಿಡುತ್ತಿದ್ದರು, ಕರೆಯುವವರು ಬೇಕಿರಲಿಲ್ಲ. ಆ ಸಿರಿಯ ಕತೆ ಎಷ್ಟು ದೊಡ್ಡದೆಂದು ಹೊರಜಗತ್ತಿಗೆ ತಿಳಿದದ್ದು ಬೆಳ್ತಂಗಡಿ ತಾಲೂಕಿನಿಂದ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಸಂಧಿಯನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲು. ಅಕ್ಷರದ ಹಂಗಿಲ್ಲದೆ ಒಬ್ಬ ಕೃಷಿಕನ ನೆನಪಿನಲ್ಲಿ ಅಷ್ಟೂ ಇತ್ತು. ಮೊಳೆ ಜೋಡಿಸಿ ಬೆರಳು ಸವೆಸಿಕೊಂಡ ನನಗೆ ಆ ಸಂಖ್ಯೆ ಓದಿದಾಗ ಕೈಮುಗಿಯಬೇಕೆನ್ನಿಸಿತು.

ಕರಾವಳಿಗೆ ಅಚ್ಚು ತಂದವರು ಬಾಸೆಲ್ ಮಿಶನ್ನಿನವರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಮುಂದೆ ಉಡುಪಿಯ ಪಾವಂಜೆ ಗುರುರಾಯರ ಅಂಗಡಿಯಿಂದ ಪ್ರಸಂಗದ ಪುಸ್ತಕಗಳು ಬಂದವು, ಆಮೇಲೆ ಸಣ್ಣ ಪೇಟೆಗಳಲ್ಲೂ ಟ್ರೆಡಲ್ ಸದ್ದು ಕೇಳಿಸತೊಡಗಿತು. ನೋಟೀಸಿನ ಭಾಷೆ ನಿಜವಾಗಿ ಅರಳಿದ್ದು ಟಿಕೆಟಿನ ಆಟಗಳು, ಅಂದರೆ ಟೆಂಟಿನ ಮೇಳಗಳು ಬಂದ ಮೇಲೆ. ಬಯಲಾಟಕ್ಕೆ ಜನ ಹೇಗೂ ಬರುತ್ತಾರೆ. ಟೆಂಟಿಗೆ ದುಡ್ಡು ಕೊಟ್ಟು ಬರಬೇಕಾದರೆ ಆಸೆ ಹುಟ್ಟಿಸಬೇಕು. ತುಳು ಪ್ರಸಂಗಗಳು ಹಿಡಿದ ಕಾಲದಲ್ಲಂತೂ, ಬೆಳ್ತಂಗಡಿ ಕಡೆಯವರೇ ಆದ ಅನಂತರಾಮ ಬಂಗಾಡಿಯವರ ‘ಕಾಡಮಲ್ಲಿಗೆ’ಯಂಥದ್ದಕ್ಕೆ ಹೆಸರೇ ಸಾಕಿತ್ತು. ಆದರೂ ಮ್ಯಾನೇಜರರು ಒಂದೊಂದು ವೇಷಕ್ಕೂ ಒಂದೊಂದು ಬಿರುದು ಬರೆಸುತ್ತಿದ್ದರು. ಕೆಳಗೆ ನೆಲ, ಕುರ್ಚಿ, ಈಸಿಚೇರು ಎಂದು ದರ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ಆಟ ಬಿಟ್ಟ ಮೇಲೆ ಬಸ್ಸಿನ ಸೌಕರ್ಯವಿದೆ ಎಂಬ ಸಾಲು.

ಜಾತ್ರೆಯ ಕಾಗದದ ಧಾಟಿ ಬೇರೆ. ಅಲ್ಲಿ ಕರೆಯುವವರು ‘ಊರ ಹತ್ತು ಸಮಸ್ತರು’. ಪ್ರಸಾದ ಸ್ವೀಕರಿಸಿ ಕೃಪೆಗೆ ಪಾತ್ರರಾಗಬೇಕೆಂದು ಬಿನ್ನಹ. ಒಬ್ಬರ ಹೆಸರಿನಿಂದ ಕರೆಯದೆ ಊರಿನ ಹೆಸರಿನಿಂದ ಕರೆಯುವ ಆ ಮಾತು ನನಗೆ ಬಹಳ ಇಷ್ಟ. ಈಗಿನ ಫ್ಲೆಕ್ಸುಗಳಲ್ಲಿ ದಾನಿಗಳ ಫೋಟೋಗಳ ನಡುವೆ ಅದು ಅಡಿಗೆ ಸರಿದಿದೆ. ಇದು ನಷ್ಟವೇ.

ತಾರೀಕಿನ ವಿಚಾರದಲ್ಲಿ ಇನ್ನೂ ದೊಡ್ಡ ಬದಲಾವಣೆಯಾಗಿದೆ. ಕಟೀಲಿನ ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಮೊದಲೇ ದಿನ ಕಾದಿರಿಸಬೇಕು. ಎಷ್ಟೋ ಕುಟುಂಬದ ನೇಮಗಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ಮಕ್ಕಳ ರಜೆಗೆ ಹೊಂದಿಕೊಂಡು ಶನಿವಾರ, ಭಾನುವಾರಗಳಿಗೆ ಬಂದಿವೆ. ದೂರದಲ್ಲಿದ್ದವರೂ ಬರಲಿ ಎಂಬ ಆಸೆ ಅದರ ಹಿಂದಿದೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಜ್ಜನ. 2000, 2012, 2024. ಅಷ್ಟು ದೊಡ್ಡ ಕಾರ್ಯಕ್ಕೆ ವರ್ಷದ ಮೊದಲೇ ದಿನ ಗೊತ್ತಾಗಿರಲೇಬೇಕು. ಆದರೆ ಎಲ್ಲವೂ ಮೊದಲೇ ನಿಗದಿಯಾದ ಈ ಋತುವಿನಲ್ಲಿ ಪೊಳಲಿಯೊಂದು ಇನ್ನೂ ಕಾಯಿಸುತ್ತದೆ ಎಂಬುದು ನನಗೆ ಸಮಾಧಾನದ ಸಂಗತಿ. ಕಾಯುವಾಗ ಊರಿನವರು ಪರಸ್ಪರ ಕೇಳಿಕೊಳ್ಳುತ್ತಾರೆ: “ಏತ್ ದಿನತ್ತ ಜಾತ್ರೆಗೆ?” ಎಷ್ಟು ದಿನದ ಜಾತ್ರೆಯಂತೆ ಎಂದು. ಮಳಲಿ ಕಡೆಯ ಗದ್ದೆಗಳಲ್ಲಿ ಬಚ್ಚಂಗಾಯಿ ಬೆಳೆದವರಿಗೂ ಅದೇ ಪ್ರಶ್ನೆ. ಪೊಳಲಿಗೆ ಹೋದವರು ಬಚ್ಚಂಗಾಯಿ ಹೊರದೆ ಮನೆಗೆ ಬರುವುದಿಲ್ಲವಲ್ಲ, ಕೊಯ್ಲನ್ನು ಚೆಂಡಿಗೆ ಹೊಂದಿಸಬೇಕು.

ಬಿಸು ಕಣಿ ಕಳೆದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಬೇಷ ತಿಂಗಳ ಹತ್ತಕ್ಕೆ, ಮೇ 24ರ ಹೊತ್ತಿಗೆ, ಪತ್ತನಾಜೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ, ಗದ್ದೆಗೆ ಇಳಿಯುವ ಕಾಲ. ನಮ್ಮ ಪ್ರೆಸ್ಸಿನಲ್ಲೂ ಅಂದಿನಿಂದ ಶಾಲೆಯ ರಶೀದಿ ಪುಸ್ತಕಗಳ ಕೆಲಸ.

ನೋಟೀಸು ಒಂದು ರಾತ್ರಿಯ ವಸ್ತು. ಮರುದಿನ ಅದರಲ್ಲಿ ಕಡ್ಲೆ ಕಟ್ಟುತ್ತಾರೆ. ಆದರೆ ಉಳಿದ ಒಂದೊಂದು ಹಾಳೆಯಲ್ಲೂ ಬೇರೆಲ್ಲೂ ಸಿಗದ ಚರಿತ್ರೆಯಿದೆ. ಗ್ಯಾಸ್‌ಲೈಟಿನ ವ್ಯವಸ್ಥೆ ಇದೆ ಎಂಬ ಸಾಲು ‘ವಿದ್ಯುದ್ದೀಪಾಲಂಕಾರ’ವಾಗಿ ಬದಲಾದದ್ದನ್ನು ನೋಡಿದರೆ ಆ ಗ್ರಾಮಕ್ಕೆ ಕರೆಂಟು ಬಂದ ಕಾಲ ತಿಳಿಯುತ್ತದೆ. ಹೆಂಗಸರಿಗೆ ಪ್ರತ್ಯೇಕ ಜಾಗವಿದೆ ಎಂಬ ಸೂಚನೆ ಯಾವಾಗ ಮಾಯವಾಯಿತೆಂದು ತಿಳಿಯುತ್ತದೆ. 2020ರ ಮಾರ್ಚಿನಲ್ಲಿ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಾಗ ಅಚ್ಚಾಗಿ ಹಂಚದೆ ಉಳಿದ ಕಾಗದಗಳಿವೆ. ನಡೆಯದ ಆಟಗಳಿಗೆ ಅವೇ ಸಾಕ್ಷಿ. ಬಂಟ್ವಾಳದ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಹಳೆಯ ಕಾಲದ ಮನೆಬಳಕೆಯ ಸಾಮಾನುಗಳನ್ನು ಪ್ರೀತಿಯಿಂದ ಕೂಡಿಟ್ಟಿದ್ದಾರೆ. ಜಾತ್ರೆಯ, ಆಟದ ನೋಟೀಸುಗಳೂ ಅಂಥ ಕಡೆ ಸೇರಬೇಕು. ಅಟ್ಟದ ಪೆಟ್ಟಿಗೆಯಲ್ಲಿ, ಪಂಚಾಂಗದ ನಡುವೆ, ದೇವರ ಕೋಣೆಯ ಮೊಳೆಗೆ ಚುಚ್ಚಿದ ಕಾಗದಗಳ ಕಟ್ಟಿನಲ್ಲಿ ಹುಡುಕಿ. ಪ್ರೆಸ್ಸಿನ ಹೆಸರು ಇರುವ ಕೆಳಗಿನ ಅಂಚು ಹರಿಯದ ಹಾಗೆ ತೆಗೆಯಿರಿ.