ಹಳೆಯ ಜೀಪಿಗೆ ಹೊಸ ಥಾರ್‌ನ ಶಾಕ್ ಅಬ್ಸಾರ್ಬರ್ ಹಾಕಿದರೆ ಕಾರಿನಂತೆ ಓಡುತ್ತದೆಯೇ?

ಸಂಡೂರಿನ ಅದಿರಿನ ಹಾದಿ, ಹಂಪಿ ಸುತ್ತಲಿನ ಕಲ್ಲುದಾರಿ, ಕಂಪ್ಲಿ ಕಡೆಯ ಗದ್ದೆ ರಸ್ತೆ: ಇಲ್ಲೆಲ್ಲ ಓಡಾಡುವ ಹಳೆಯ ಜೀಪುಗಳ ಮಾಲೀಕರಿಗೆ ಒಂದು ಸಲಹೆ ಆಗಾಗ ಸಿಗುತ್ತದೆ. "ಗುಜರಿಯಲ್ಲಿ ಹೊಸ ಥಾರ್‌ನ ಶಾಕ್ ಸಿಗುತ್ತೆ. ಹಳೇ ಗಾಡಿಗೆ ಹಾಕಿಸಿ. ಕುಲುಕಾಟ ನಿಲ್ಲುತ್ತೆ, ಗಾಡಿ ಎತ್ತರ ಆಗುತ್ತೆ, ಲೋಡೂ ಜಾಸ್ತಿ ಹಾಕಬಹುದು." ಇದರಲ್ಲಿ ಎಷ್ಟು ನಿಜ? ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ಸವೆದ ಶಾಕ್ ತೆಗೆದು ಹೊಸದು ಹಾಕಿದರೆ ಗಾಡಿ ಸುಧಾರಿಸುವುದು ನಿಜ. ಆದರೆ ಬೇರೆ ಪೀಳಿಗೆಯ ಗಾಡಿಯ ಶಾಕ್ ನೇರವಾಗಿ ಕೂರುತ್ತದೆ ಎಂಬುದು ಬಹುತೇಕ ಸುಳ್ಳು. ಲೋಡ್ ಸಾಮರ್ಥ್ಯ ಹೆಚ್ಚುತ್ತದೆ ಎಂಬುದು ಪೂರ್ತಿ ಸುಳ್ಳು, ಅಪಾಯಕಾರಿ ಕೂಡ.

ಶಾಕ್ ಮಾಡುವ ಕೆಲಸವೇನು?

ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಗುಂಡಿಗೆ ಬಿದ್ದ ಸ್ಪ್ರಿಂಗ್ ಒಮ್ಮೆ ಕುಗ್ಗಿದರೆ ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ಆಡುತ್ತಲೇ ಇರುತ್ತದೆ. ಆ ಆಟವನ್ನು ನಿಲ್ಲಿಸುವುದು ಶಾಕ್‌ನ ಕೆಲಸ. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುತ್ತದೆ. ಚಲನೆಯ ಶಕ್ತಿ ಶಾಖವಾಗಿ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದಾಗ ಶಾಕ್ ಬಿಸಿಯಾಗುವುದು ಇದರಿಂದಲೇ.

ಎಣ್ಣೆ ಜೋರಾಗಿ ಕಲಕಿ ನೊರೆಯಾದರೆ ಶಾಕ್‌ನ ಹಿಡಿತ ತಪ್ಪುತ್ತದೆ. ಗ್ಯಾಸ್ ಶಾಕ್‌ನಲ್ಲಿ ನೈಟ್ರೋಜನ್ ಒತ್ತಡ ತುಂಬುವುದು ಈ ನೊರೆಯನ್ನು ತಡೆಯಲು. "ಗ್ಯಾಸ್ ಶಾಕ್ ಎಂದರೆ ಗಾಳಿಯ ಮೇಲೆ ಗಾಡಿ ತೇಲುತ್ತದೆ" ಎಂಬ ಮಾತು ತಪ್ಪು. ಅದರೊಳಗೂ ಕೆಲಸ ಮಾಡುವುದು ಎಣ್ಣೆಯೇ.

ಹಳೆಯದು, ಹೊಸದು: ಎಲ್ಲಿ ವ್ಯತ್ಯಾಸ?

ಮಹೀಂದ್ರಾದ ಎಂಎಂ 540, ಕಮಾಂಡರ್‌ನಂಥ ಜೀಪುಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಯಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್. 2020ರ ಹೊಸ ಥಾರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಬಂತು. ಮುಂದಿನ ಚಕ್ರಗಳಲ್ಲಿ ಕಾಯಿಲ್ ಮತ್ತು ಶಾಕ್ ಒಂದೇ ಜೋಡಿಯಾಗಿ ಕೂರುತ್ತವೆ. ಹಳೆಯ ಜೀಪಿನ ಆಕ್ಸಲ್‌ನಲ್ಲಾಗಲಿ ಚಾಸಿಯಲ್ಲಾಗಲಿ ಅದಕ್ಕೆ ಜಾಗವೇ ಇಲ್ಲ.

ಕಾಣದ ವ್ಯತ್ಯಾಸ ಇನ್ನೊಂದಿದೆ. ಲೀಫ್ ಸ್ಪ್ರಿಂಗ್‌ನ ಪಟ್ಟಿಗಳು ಒಂದಕ್ಕೊಂದು ಉಜ್ಜುತ್ತವೆ, ಆ ಉಜ್ಜಾಟವೇ ಸ್ವಲ್ಪ ಮಟ್ಟಿಗೆ ಕುಲುಕಾಟ ತಗ್ಗಿಸುತ್ತದೆ. ಕಾಯಿಲ್‌ಗೆ ಆ ಗುಣ ಬಹಳ ಕಡಿಮೆ. ಹಾಗಾಗಿ ಕಾಯಿಲ್ ಗಾಡಿಗೆ ಹೊಂದಿಸಿದ ಶಾಕ್ ಲೀಫ್ ಗಾಡಿಗೆ ಅದೇ ಫಲ ಕೊಡುವುದಿಲ್ಲ. ಶಾಕ್ ತೀರಾ ಬಿಗಿಯಾದರೆ, ಅಲೆಅಲೆಯಾದ ಅದಿರಿನ ಹಾದಿಯಲ್ಲಿ ಕುಗ್ಗಿದ ಸ್ಪ್ರಿಂಗ್ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಗಾಡಿ ಕೆಳಗೇ ಕುಳಿತಂತಾಗಿ, ಕುಲುಕಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಅಳತೆ ತಪ್ಪಿದರೆ ಏನಾಗುತ್ತದೆ?

ಶಾಕ್‌ಗೆ ಎರಡು ಅಳತೆ ಮುಖ್ಯ: ಪೂರ್ತಿ ಮಡಚಿದಾಗಿನ ಉದ್ದ, ಪೂರ್ತಿ ಚಾಚಿದಾಗಿನ ಉದ್ದ. ಒಂದು ಉದಾಹರಣೆ ಲೆಕ್ಕ ನೋಡಿ. ನಿಮ್ಮ ಜೀಪಿನ ಆಕ್ಸಲ್ ಪೂರ್ತಿ ಮೇಲೆ ಬಂದಾಗ ಶಾಕ್‌ನ ಮೇಲಿನ ಮತ್ತು ಕೆಳಗಿನ ಹಿಡಿಗಳ ನಡುವಿನ ಅಂತರ 320 ಮಿ.ಮೀ., ಪೂರ್ತಿ ಕೆಳಗೆ ತೂಗಿದಾಗ 500 ಮಿ.ಮೀ. ಇದೆ ಎಂದುಕೊಳ್ಳಿ. ನೀವು ತಂದ ಶಾಕ್ ಮಡಚಿದಾಗ 350, ಚಾಚಿದಾಗ 560 ಮಿ.ಮೀ. ಇದೆ.

ಚಾಚುವ ಕಡೆಯ ಹೆಚ್ಚುವರಿ 60 ಮಿ.ಮೀ. ಯಾವ ಉಪಯೋಗಕ್ಕೂ ಬಾರದು, ಏಕೆಂದರೆ ಸ್ಪ್ರಿಂಗ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಮಡಚುವ ಕಡೆ 30 ಮಿ.ಮೀ. ಕೊರತೆ. ದೊಡ್ಡ ಗುಂಡಿಗೆ ಬಿದ್ದಾಗ ರಬ್ಬರ್ ಬಂಪ್ ಸ್ಟಾಪ್ ತಡೆಯುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ಇಡೀ ಗಾಡಿಯ ಹೊಡೆತ ಆ ತೆಳ್ಳಗಿನ ರಾಡಿನ ಮೇಲೆ. ಸೀಲ್ ಒಡೆದು ಎಣ್ಣೆ ಸೋರಬಹುದು, ಬ್ರಾಕೆಟ್ ಕಿತ್ತು ಬರಬಹುದು.

ಶಾಕ್ ತೀರಾ ಗಿಡ್ಡವಾದರೂ ತೊಂದರೆಯೇ. ಚಕ್ರ ತೂಗಿದಾಗ ಆಕ್ಸಲ್‌ನ ಭಾರವೆಲ್ಲ ಶಾಕ್‌ಗೆ ಜೋತುಬೀಳುತ್ತದೆ.

ಉಳಿದ ನಂಬಿಕೆಗಳು

*"ಗಾಡಿ ಎತ್ತರವಾಗುತ್ತದೆ."* ಎತ್ತರ ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಟೈರ್. ಗ್ಯಾಸ್ ಒತ್ತಡದಿಂದ ಆಗುವ ಏರಿಕೆ ಅತ್ಯಲ್ಪ.

*"ಲೋಡ್ ಹೆಚ್ಚು ಹಾಕಬಹುದು."* ಇಲ್ಲ. ಕುಲುಕಾಟ ಕಡಿಮೆಯಾಯಿತೆಂದು ಭಾರ ಹೆಚ್ಚಿಸಿದರೆ ಸ್ಪ್ರಿಂಗ್, ಬ್ರೇಕ್, ಆಕ್ಸಲ್ ಮೊದಲಿನವೇ ಎಂಬುದು ಮರೆತುಹೋಗುತ್ತದೆ. ಸಂಡೂರಿನ ಘಾಟಿಯ ಇಳಿಜಾರಿನಲ್ಲಿ ಜನ ತುಂಬಿದ ಜೀಪಿಗೆ ಈ ಮರೆವು ಪ್ರಾಣಕ್ಕೇ ಕುತ್ತು.

*"ಸವೆದರೂ ಪರವಾಗಿಲ್ಲ, ಕುಲುಕಾಟ ಅಷ್ಟೇ."* ಇದೂ ತಪ್ಪು. ಶಾಕ್ ಸವೆದರೆ ಟೈರ್ ನೆಲ ಬಿಟ್ಟು ಕುಪ್ಪಳಿಸುತ್ತದೆ. ನೆಲ ಬಿಟ್ಟ ಟೈರ್‌ಗೆ ಬ್ರೇಕ್ ಹಿಡಿಯುವುದಿಲ್ಲ, ಸ್ಟೇರಿಂಗ್ ಕೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಸವೆದ ಶಾಕ್ ಜಾಗಕ್ಕೆ ಅದೇ ಮಾದರಿಯದನ್ನು ಹಾಕುವುದು ದುರಸ್ತಿ. ಹೊಸ ಸಸ್ಪೆನ್ಷನ್ ಕೂರಿಸಲು ಚಾಸಿ ಕೊಯ್ದು ಬೆಸುಗೆ ಹಾಕುವುದು ಮಾರ್ಪಾಡು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ.

ಹಾಗಾದರೆ ಏನು ಮಾಡಬೇಕು?

- ಶಾಕ್‌ನ ಮೈಮೇಲೆ ಎಣ್ಣೆ ಸೋರಿದೆಯೇ, ಬುಷ್ ಹರಿದಿದೆಯೇ, ಟೈರ್ ಅಲ್ಲಲ್ಲಿ ತಗ್ಗಾಗಿ ಸವೆದಿದೆಯೇ ನೋಡಿ. ಬಂಪರ್ ಒತ್ತಿ ನೋಡುವ ಪರೀಕ್ಷೆ ಗಡುಸಾದ ಲೀಫ್ ಜೀಪುಗಳಲ್ಲಿ ಅಷ್ಟು ನೆಚ್ಚುವಂಥದ್ದಲ್ಲ.
- ಗುಜರಿ ಶಾಕ್ ಬೇಡ. ಅಪಘಾತದ ಗಾಡಿಯಿಂದ ಬಂದದ್ದಾದರೆ ರಾಡ್ ಬಾಗಿದ್ದರೂ ಕಣ್ಣಿಗೆ ಕಾಣದಿರಬಹುದು.
- ನಿಮ್ಮ ಮಾದರಿಗೆಂದೇ ತಯಾರಾದ ಶಾಕ್ ಕೇಳಿ. ಗ್ಯಾಸ್ ಬೇಕೆಂದರೆ ಅದೇ ಮಾದರಿಗೆ ಸಿಗುವ ಗ್ಯಾಸ್ ಶಾಕ್ ಹುಡುಕಿ.
- ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ.
- ಲೀಫ್ ಪಟ್ಟಿಗಳ ತುಕ್ಕು, ಮುರಿದ ಪಟ್ಟಿ, ಸವೆದ ಬುಷ್ ಮೊದಲು ಸರಿಮಾಡಿಸಿ. ಎಷ್ಟೋ ಜೀಪುಗಳ ಕುಲುಕಾಟಕ್ಕೆ ಕಾರಣ ಇವೇ.
- ಟೈರ್ ಗಾಳಿ ಪರೀಕ್ಷಿಸಿ. ಅತಿಯಾದ ಗಾಳಿಯೂ ಗಾಡಿಯನ್ನು ಕುಪ್ಪಳಿಸುತ್ತದೆ.

"ಹೊಸ ಥಾರ್ ಶಾಕ್, ಹಳೇ ಜೀಪ್" ಎಂಬ ಸಂದೇಶ ನಿಮಗೂ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಮಡಚಿದಾಗ ಎಷ್ಟು ಉದ್ದ, ಚಾಚಿದಾಗ ಎಷ್ಟು ಉದ್ದ? ಅದಕ್ಕೆ ಉತ್ತರ ಸಿಗದಿದ್ದರೆ ಆ ಸಲಹೆಯನ್ನು ಅಲ್ಲಿಗೇ ಬಿಡಿ.