ಬ್ಯಾಟರಿ ಕೈಯಂತ್ರಗಳು: ಗುಡ್ನಾಪುರ ಸೀಮೆಯಲ್ಲಿ ಒಡೆತನ, ದುರಸ್ತಿ, ಮಾರ್ಪಾಡು

ಗೋಡೆಯ ಪ್ಲಗ್ಗಿನ ಹಂಗಿಲ್ಲದೆ, ತನ್ನ ಹಿಡಿಯ ಬುಡಕ್ಕೆ ಸಿಕ್ಕಿಸಿದ ವಿದ್ಯುತ್ಕೋಶಗಳ ಬಲದಿಂದಲೇ ಕೊರೆಯುವ, ಕೊಯ್ಯುವ, ಉಜ್ಜುವ, ತಿರುಪನ್ನು ಬಿಗಿಯುವ ಅಥವಾ ಸಡಿಲಿಸುವ ಉಪಕರಣಗಳಿಗೆ ಬ್ಯಾಟರಿ ಕೈಯಂತ್ರಗಳೆಂದು ಹೆಸರು. ಇವುಗಳ ಪೈಕಿ ನಟ್ಟು ಬೋಲ್ಟುಗಳನ್ನು ಸುತ್ತಿಗೆಯೇಟಿನಂಥ ಆಘಾತಪರಂಪರೆಯಿಂದ ತಿರುಗಿಸುವ ಇಂಪ್ಯಾಕ್ಟ್ ರೆಂಚ್ ಪ್ರಸ್ತುತ ಲೇಖನದ ಮುಖ್ಯ ವಿಷಯ. ಗ್ರಂಥಭಾಷೆಯಲ್ಲಿ ಇದಕ್ಕೆ ಸಂಸ್ಕೃತಭೂಯಿಷ್ಠವಾದ ಒಂದು ಹೆಸರನ್ನು ಕಟ್ಟುವುದು ಕಷ್ಟವೇನಲ್ಲ. ಆದರೆ ಸಿರಸಿಯ ಗ್ಯಾರೇಜಿನಲ್ಲಿ ಅಂಥ ಹೆಸರು ಹೇಳಿದರೆ ಯಂತ್ರವನ್ನು ಎತ್ತಿಕೊಡುವವರು ಸಿಗಲಾರರು. ಅಲ್ಲಿ ಅದು ಬರಿಯ ‘ಇಂಪ್ಯಾಕ್ಟು’, ಇಲ್ಲವೆ ‘ಗನ್ನು’. ಅದರ ಜಾತಿಯ ಉಳಿದವೆಲ್ಲ ‘ಚಾರ್ಜಿಂಗ್ ಮಶೀನು’.

ಗುಡ್ನಾಪುರವು ಉತ್ತರ ಕನ್ನಡ ಜಿಲ್ಲೆಯ ಸಿರಸಿ ತಾಲೂಕಿನಲ್ಲಿ, ಬನವಾಸಿಗೆ ಅನತಿದೂರದಲ್ಲಿ, ವಿಶಾಲವಾದ ಕೆರೆಯೊಂದರ ಬದಿಯಲ್ಲಿರುವ ಗ್ರಾಮ. ಕದಂಬ ರವಿವರ್ಮನು ಕಾಮದೇವನಿಗೆ ಆಲಯವನ್ನು ಕಟ್ಟಿಸಿದ ಸಂಗತಿಯನ್ನು ಸಾರುವ, ಐದು ಮತ್ತು ಆರನೆಯ ಶತಮಾನಗಳ ಸಂಧಿಕಾಲದ ಸ್ತಂಭಶಾಸನದಿಂದ ಇದು ಇತಿಹಾಸಜ್ಞರಿಗೆ ಸುಪರಿಚಿತವಾದುದು. ಕಲ್ಲಿನ ಮೇಲೆ ಚಾಣ ಹಿಡಿದು ಅಕ್ಷರ ಬಿಡಿಸಿದ ಆ ಅಜ್ಞಾತ ಕುಶಲಕರ್ಮಿಯಿಂದ ಮೊದಲುಗೊಂಡು, ಸಿರಸಿ ಸಿದ್ದಾಪುರಗಳ ಕಡೆ ಶ್ರೀಗಂಧವನ್ನೂ ಬೆಂಡನ್ನೂ ಕೆತ್ತುತ್ತ ಬಂದ ಗುಡಿಗಾರರವರೆಗೆ, ಹಗ್ಗ ಸುತ್ತಿ ಎಳೆದಾಡುವ ಬೈರಿಗೆಯಿಂದ ತೊಲೆಗೆ ತೂತು ಕೊರೆದ ಆಚಾರಿಗಳವರೆಗೆ, ಈ ಸೀಮೆಯ ಉಪಕರಣಗಳೆಲ್ಲವೂ ರಟ್ಟೆಯ ಬಲವನ್ನೇ ನಂಬಿದ್ದವು. ವಿದ್ಯುತ್ತು ಬಂದ ಮೇಲೂ ಅವಸ್ಥೆ ಪೂರ್ತಿ ಬದಲಾಗಲಿಲ್ಲ. ಏಕೆಂದರೆ ತೋಟವಿರುವುದು ಮನೆಯಿಂದ ಕೆಳಗೆ, ಕಣಿವೆಯ ತಳದಲ್ಲಿ. ತಂತಿ ಎಳೆದು ಅಲ್ಲಿಗೆ ಡ್ರಿಲ್ಲು ಒಯ್ಯುವುದು ಆಗದ ಮಾತು. ಆಷಾಢದ ಗಾಳಿಗೆ ಮರದ ಕೊಂಬೆ ಲೈನಿನ ಮೇಲೆ ಬಿದ್ದಿತೆಂದರೆ ಮನೆಯಲ್ಲಿಯೇ ಎರಡು ಮೂರು ದಿನ ಕತ್ತಲೆ. ತಂತಿಯಿಲ್ಲದ ಯಂತ್ರವು ಪಟ್ಟಣದವನಿಗೆ ಅನುಕೂಲವಾದರೆ ಮಲೆನಾಡಿನವನಿಗೆ ಅವಶ್ಯಕತೆಯೇ ಆಗಿ ಒದಗಿಬಂದುದು ಈ ಕಾರಣದಿಂದ.

ಯಂತ್ರದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಸ್ಟಟ್‌ಗಾರ್ಟಿನ ಫೈನ್ ಸಂಸ್ಥೆಯು 1895ರಲ್ಲಿ ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1961ರಲ್ಲಿ ನಿಕಲ್ ಕ್ಯಾಡ್ಮಿಯಂ ಕೋಶಗಳಿಂದ ನಡೆಯುವ ತಂತಿರಹಿತ ಡ್ರಿಲ್ಲನ್ನು ಮಾರುಕಟ್ಟೆಗೆ ತಂದಿತು. ಬಾಹ್ಯಾಕಾಶದಲ್ಲಿ ತೇಲುವವನ ಕೈಗೆ ಪ್ರತಿತಿರುಗು ತಾಗದಂಥ ರೆಂಚೊಂದನ್ನು ಅದೇ ದಶಕದಲ್ಲಿ ಜೆಮಿನಿ ಯಾನಗಳಿಗಾಗಿ ಇದೇ ಸಂಸ್ಥೆಯ ನೆರವಿನಿಂದ ರೂಪಿಸಲಾಯಿತಾದ್ದರಿಂದ, ತಂತಿರಹಿತ ಯಂತ್ರಗಳು ಚಂದ್ರಯಾನದ ಕೊಡುಗೆಯೆಂಬ ಮಾತು ಲೋಕದಲ್ಲಿ ಹಬ್ಬಿದೆ. ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಅದು ನಿಲ್ಲುವ ಮಾತಲ್ಲವೆಂಬುದು ತಿಳಿಯುತ್ತದೆ. ನಿಜವಾದ ಪರಿವರ್ತನೆಯಾದುದು ಲಿಥಿಯಂ ಅಯಾನ್ ಕೋಶದಿಂದ. 1991ರಲ್ಲಿ ಸೋನಿ ಸಂಸ್ಥೆಯು ವಾಣಿಜ್ಯಕ್ಕೆ ತಂದ, 2019ರಲ್ಲಿ ತನ್ನ ಮೂವರು ಪ್ರವರ್ತಕರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಗಳಿಸಿಕೊಟ್ಟ ಈ ಕೋಶವು 2005ರ ಸುಮಾರಿಗೆ ಕೈಯಂತ್ರಗಳನ್ನು ಹೊಕ್ಕಿತು. ಕರ್ನಾಟಕದ ಮೆಕ್ಯಾನಿಕ್ಕುಗಳಿಗಾದರೋ ಇಂದು ಈ ಯಂತ್ರಗಳ ಮೇಲೆ ಕಾಣುವ ಬಾಷ್ ಎಂಬ ನಾಮಧೇಯವು ಹೊಸದಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ 2008ರಲ್ಲಿ ಆ ಹೆಸರನ್ನು ತಳೆದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳಿಂದ ಆ ಬಾಂಧವ್ಯ ಮೊದಲೇ ಬೆಳೆದಿತ್ತು.

ಇಂಪ್ಯಾಕ್ಟ್ ರೆಂಚಿನ ಒಡಲಿನ ವ್ಯವಸ್ಥೆಯು ಕಂಡು ಸಂತೋಷಪಡುವಂಥದು. ಮೋಟರು ನೇರವಾಗಿ ನಟ್ಟನ್ನು ತಿರುಗಿಸುವುದಿಲ್ಲ. ಅದು ಗೇರುಗಳ ಮೂಲಕ ಒಂದು ದಂಡವನ್ನೂ, ಆ ದಂಡದ ಮೇಲೆ ಕೂತ ಭಾರವಾದ ಉಕ್ಕಿನ ಹ್ಯಾಮರನ್ನೂ ಸುತ್ತಿಸುತ್ತದೆ. ಹ್ಯಾಮರಿನ ಮುಂದೆ ಅಡಿಗಲ್ಲಿನಂತೆ ಒಂದು ಆನ್ವಿಲ್. ಸಾಕೆಟ್ಟನ್ನು ಹಿಡಿದಿರುವುದು ಅದೇ. ನಟ್ಟು ಸಡಿಲವಾಗಿರುವವರೆಗೆ ಎರಡೂ ಒಟ್ಟಿಗೆ ಸುತ್ತುತ್ತವೆ. ನಟ್ಟು ಹಟ ಹಿಡಿದೊಡನೆ ಆನ್ವಿಲ್ ನಿಂತುಬಿಡುತ್ತದೆ; ದಂಡದ ಮೇಲೆ ಕೊರೆದ ಓರೆಗಾಲುವೆಗಳಲ್ಲಿ ಉರುಳುವ ಉಕ್ಕಿನ ಗುಂಡುಗಳ ಆಸರೆಯಿಂದ ಹ್ಯಾಮರು ಸ್ಪ್ರಿಂಗನ್ನು ಅದುಮುತ್ತ ಹಿಂದೆ ಸರಿದು, ಆನ್ವಿಲ್ಲಿನ ಕಿವಿಯನ್ನು ದಾಟಿ, ಸ್ಪ್ರಿಂಗಿನ ಒತ್ತಡದಿಂದ ಮುಂದಕ್ಕೆ ಚಿಮ್ಮಿ, ಇನ್ನೊಂದು ಕಿವಿಗೆ ಅಪ್ಪಳಿಸುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಸಲ ಹೀಗೆ ಹೊಡೆತ ಬೀಳುವುದರಿಂದಲೇ ‘ಟರ್ರ್’ ಎಂಬ ಆ ಕಿವಿಗಡಚಿಕ್ಕುವ ಸದ್ದು. ಹೊಡೆತದ ಬಲವೆಲ್ಲ ಸುತ್ತುವ ಭಾರದ ವೇಗದಿಂದ ಹುಟ್ಟುವುದರಿಂದ ಹಿಡಿದವನ ಮಣಿಕಟ್ಟಿಗೆ ತಿರುಗು ತಾಗುವುದು ಅತ್ಯಲ್ಪ. ಕೆಸರುಗದ್ದೆಯಲ್ಲಿ ಒಂದು ಹಂಗಾಮು ದುಡಿದ ಟಿಲ್ಲರಿನ ಬ್ಲೇಡುಗಳ ಬೋಲ್ಟುಗಳಿಗೆ ತುಕ್ಕೂ ಮಣ್ಣೂ ಸೇರಿ ಕಚ್ಚಿಕೊಂಡಿರುವಾಗ, ಪಾನಾಕ್ಕೆ ಕಬ್ಬಿಣದ ಪೈಪು ತೊಡಿಸಿ, ಇಬ್ಬರು ಜೋತುಬಿದ್ದು, ಕಡೆಗೆ ಬೋಲ್ಟಿನ ತಲೆಯೇ ಸವೆದು ಉರುಟಾಗುತ್ತಿದ್ದ ಕೆಲಸವನ್ನು ಈ ಯಂತ್ರವು ಕ್ಷಣಾರ್ಧದಲ್ಲಿ ಮುಗಿಸುವುದನ್ನು ಕಂಡವರು ಅದನ್ನು ಕೊಳ್ಳದೆ ಬಿಡುವುದು ಅಪರೂಪ.

ಬಿಚ್ಚುವುದರಲ್ಲಿ ಇದು ಎಷ್ಟು ಶೂರವೋ ಬಿಗಿಯುವುದರಲ್ಲಿ ಅಷ್ಟೇ ಅವಿವೇಕಿ. ಸಾಮಾನ್ಯ ಕಾರಿನ ಚಕ್ರದ ನಟ್ಟಿಗೆ ಬೇಕಾದುದು ಸುಮಾರು 100ರಿಂದ 120 ನ್ಯೂಟನ್-ಮೀಟರಿನಷ್ಟು ಬಿಗಿ. ಮಧ್ಯಮ ದರ್ಜೆಯ ಗನ್ನು ಅದರ ಎರಡು ಮೂರು ಪಟ್ಟನ್ನು ಲೀಲಾಜಾಲವಾಗಿ ಕೊಡಬಲ್ಲದು. ಆದ್ದರಿಂದ ಬಲ್ಲ ಮೆಕ್ಯಾನಿಕ್ಕು ನಟ್ಟನ್ನು ಗನ್ನಿನಿಂದ ಕೂರಿಸಿ, ಕಡೆಯ ಬಿಗಿಯನ್ನು ಕೈಯ ಟಾರ್ಕ್ ರೆಂಚಿನಿಂದ ಕೊಡುತ್ತಾನೆ. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಇದಕ್ಕೆ ಸಿಕ್ಕಿಸುವುದೂ ಅಪಾಯಕರ, ಅದು ಒಡೆದು ಚೂರು ಹಾರುತ್ತದೆ; ಕಪ್ಪುಬಣ್ಣದ, ಗೋಡೆ ದಪ್ಪವಿರುವ ಇಂಪ್ಯಾಕ್ಟ್ ಸಾಕೆಟ್ಟನ್ನೇ ಕೇಳಿ ತರಬೇಕು.

ಇನ್ನು ಒಡೆತನದ ವಿಚಾರ. 1923ರಲ್ಲಿ ಸ್ಥಾಪಿತವಾದ ಸಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂಥ ಸಂಸ್ಥೆಗಳ ಅಂಗಳದಲ್ಲಿ ಅಡಿಕೆ ವಿಕ್ರಿಯಾಗಿ ಕೈಗೆ ಹಣ ಬಂದ ದಿನಗಳೇ ಯಂತ್ರಗಳನ್ನು ಕೊಳ್ಳುವ ಕಾಲ. ಕೊಳ್ಳುವವನು ಯಂತ್ರವನ್ನು ಆರಿಸುತ್ತೇನೆಂದು ಭಾವಿಸಿದರೂ ವಾಸ್ತವದಲ್ಲಿ ಆರಿಸುವುದು ಬ್ಯಾಟರಿಯನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂರದಂತೆ ಅದನ್ನು ಸಿಕ್ಕಿಸುವ ಕಾಲುವೆಗಳನ್ನೇ ಬೇರೆಬೇರೆಯಾಗಿ ಕೆತ್ತಿರುತ್ತಾರಾದ್ದರಿಂದ, ಮೊದಲನೆಯ ಡ್ರಿಲ್ಲು ಯಾವ ಮನೆತನದ್ದೋ ಆಮೇಲಿನ ಗರಗಸವೂ ಗನ್ನೂ ಅದೇ ಮನೆತನದ್ದಾಗಬೇಕಾಗುತ್ತದೆ. ಬ್ಯಾಟರಿ ಹಾಳಾದಾಗ ಹೊಸದರ ಬೆಲೆ ಕೇಳಿದವನಿಗೆ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನೆನಪಾಗುವುದು ಸಹಜ. ಡಬ್ಬಿಯ ಮೇಲಿನ ಅಂಕೆಗಳನ್ನೂ ವಿವೇಚಿಸಿ ಓದಬೇಕು. ಲಿಥಿಯಂ ಕೋಶವೊಂದರ ಸರಾಸರಿ ವಿಭವ 3.6 ವೋಲ್ಟ್, ಐದನ್ನು ಸಾಲಾಗಿ ಜೋಡಿಸಿದರೆ 18. ಅದೇ ಐದನ್ನು ತುಂಬಿದ ಸ್ಥಿತಿಯಲ್ಲಿ ಅಳೆದು ಕೆಲವರು 20 ಎನ್ನುತ್ತಾರೆ, ಕೆಲವರು 21 ಎನ್ನುತ್ತಾರೆ, ಮೂರೂ ಒಂದೇ. ಅಗ್ಗದ ಕೆಲವು ಯಂತ್ರಗಳ ಮೇಲೆ 48, 88, 128 ಎಂದು ಅಚ್ಚಾಗಿರುವ ಅಂಕೆಗಳಿಗಾದರೋ ವೋಲ್ಟಿನೊಡನೆ ಯಾವ ಸಂಬಂಧವೂ ಇಲ್ಲ. ಬಿಚ್ಚಿದರೆ ಒಳಗೆ ಅವೇ ಐದು ಕೋಶಗಳು.

ಈ ಸೀಮೆಯಲ್ಲಿ ಬ್ಯಾಟರಿ ಯಂತ್ರಗಳು ದುಡಿದು ಸಾಯುವುದಕ್ಕಿಂತ ಸುಮ್ಮನಿದ್ದು ಸಾಯುವುದೇ ಹೆಚ್ಚು. ಸುಗ್ಗಿಯಲ್ಲಿ ಬಳಸಿ, ಬ್ಯಾಟರಿ ಬರಿದಾದಲ್ಲಿಗೆ ಮೂಲೆಯಲ್ಲಿಟ್ಟ ಯಂತ್ರವನ್ನು ಮಳೆಗಾಲ ಕಳೆದ ಮೇಲೆಯೇ ನೆನಪಿಸಿಕೊಳ್ಳುವುದು ವಾಡಿಕೆ. ಬ್ಯಾಟರಿಯೊಳಗಿನ ರಕ್ಷಣಾಫಲಕವು ಯಂತ್ರ ಸುಮ್ಮನಿದ್ದಾಗಲೂ ಅತ್ಯಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುವುದರಿಂದ, ಮೊದಲೇ ಬರಿದಾಗಿದ್ದ ಕೋಶಗಳು ನಾಲ್ಕು ತಿಂಗಳಲ್ಲಿ ಅನುಮತಿಸಿದ ಮಿತಿಗಿಂತ ಕೆಳಕ್ಕೆ ಇಳಿದುಹೋಗುತ್ತವೆ. ಆಗ ಚಾರ್ಜರು ಅವನ್ನು ಮುಟ್ಟಲೊಲ್ಲದೆ ಕೆಂಪು ದೀಪವನ್ನು ಮಿಟುಕಿಸುತ್ತ ಕೂರುತ್ತದೆ. ‘ಬ್ಯಾಟರಿ ಚಾರ್ಜ್ ಆಗ್ತಿಲ್ಲೆ’ ಎಂಬ ದೂರು ಅಂಗಡಿಗಳಿಗೆ ದಸರೆಯ ಹೊತ್ತಿಗೆ ಬರುವುದಕ್ಕೆ ಕಾರಣವಿದು. ಥಂಡಿಯಿಂದ ಕಾಪಾಡಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಬೀಜದ ಪಕ್ಕಕ್ಕೆ ಇಡುವವರೂ ಉಂಟು. ಯಂತ್ರದ ಕಬ್ಬಿಣಕ್ಕೆ ಅದು ಹಿತವೇ ಆದರೂ ಲಿಥಿಯಂ ಕೋಶಕ್ಕೆ ಬಿಸಿ ಸಲ್ಲದು. ಅರ್ಧದಷ್ಟು ಚಾರ್ಜು ಮಾಡಿ, ಯಂತ್ರದಿಂದ ಕಳಚಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಣಜಾಗದಲ್ಲಿಟ್ಟು, ಎರಡು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು. ಕೊಳೆರೋಗದ ಔಷಧಿ ಹೊಡೆಯುವ ಪಂಪಿನ ಬೋಲ್ಟುಗಳಿಗೆ ಗನ್ನು ಬಳಸಿದರೆ ಕೂಡಲೇ ಒರೆಸಬೇಕು. ಮೈಲುತುತ್ತದ ನೀರು ತಾಗಿದ ಉಕ್ಕಿನ ಮೇಲೆ ತಾಮ್ರದ ಕೆಂಪುಲೇಪ ಕೂತು, ಅಡಿಯಿಂದ ತುಕ್ಕು ತಿನ್ನತೊಡಗುತ್ತದೆ.

ಸತ್ತಿತೆಂದು ಬಿಸಾಡಿದ ಬ್ಯಾಟರಿಯೊಂದನ್ನು, ನಕ್ಷತ್ರಾಕಾರದ ತಲೆಯ ನಾಲ್ಕು ಸ್ಕ್ರೂಗಳನ್ನು ತೆಗೆದು ಬಿಚ್ಚಿ ನೋಡಿದರೆ, 18 ಮಿಲಿಮೀಟರ್ ವ್ಯಾಸದ, 65 ಮಿಲಿಮೀಟರ್ ಉದ್ದದ ಐದೋ ಹತ್ತೋ ಕೋಶಗಳು ತೆಳುವಾದ ನಿಕಲ್ ಪಟ್ಟಿಗಳಿಂದ ಬೆಸೆದುಕೊಂಡು ಮಲಗಿರುವುದು ಕಾಣುತ್ತದೆ. ಮೀಟರಿನ ಮುಳ್ಳುಗಳನ್ನು ಒಂದೊಂದಕ್ಕೂ ತಾಗಿಸುತ್ತ ಹೋದಾಗ 3.6, 3.6, 3.5, 3.6 ಎಂದು ತೋರಿ, ಐದನೆಯದಕ್ಕೆ 1.2 ಎಂದು ತೋರುವುದು ಬಹಳ ಸಾಮಾನ್ಯವಾದ ದೃಶ್ಯ. ಒಬ್ಬನು ಕುಸಿದರೆ ಪಂಕ್ತಿಯೆಲ್ಲ ಏಳಬೇಕಾದಂತೆ, ಸಾಲುಜೋಡಣೆಯಲ್ಲಿ ದುರ್ಬಲವಾದ ಒಂದು ಕೋಶದಿಂದ ಇಡೀ ಬ್ಯಾಟರಿ ನಿಷ್ಪ್ರಯೋಜಕವಾಗುತ್ತದೆ. ಆ ಒಂದನ್ನೇ ಬದಲಿಸುವುದು ಅಗ್ಗವೆಂದು ತೋರಿದರೂ ಹಳೆಯ ನಾಲ್ಕರ ಸಾಮರ್ಥ್ಯಕ್ಕೂ ಹೊಸದರ ಸಾಮರ್ಥ್ಯಕ್ಕೂ ಹೊಂದದೆ ಸಮತೋಲ ಮತ್ತೆ ಕೆಡುತ್ತದೆ. ಐದನ್ನೂ ಒಂದೇ ಜಾತಿಯ ಹೊಸ ಕೋಶಗಳಿಂದ ಬದಲಿಸಿ, ಸ್ಪಾಟ್ ವೆಲ್ಡಿಂಗಿನಿಂದ ಬೆಸೆಯುವುದೇ ಸರಿಯಾದ ಕ್ರಮ. ಬೆಸುಗೆಕಡ್ಡಿಯನ್ನು ಕೋಶದ ಮೈಗೇ ಒತ್ತಿ ಕಾಯಿಸುವುದು ಅದನ್ನು ಒಳಗಿನಿಂದ ಸುಟ್ಟಂತೆ. ತುಂಬಿದ ಬ್ಯಾಟರಿಯಿಂದ ತಂತಿ ಕೊಟ್ಟು ಸತ್ತದ್ದನ್ನು ‘ಎಬ್ಬಿಸುವ’ ಪದ್ಧತಿಯು ಪ್ರಚಾರದಲ್ಲಿದೆಯಾದರೂ ಅದು ನಿಂದ್ಯವೇ ಸರಿ. ಅತಿಯಾಗಿ ಬರಿದಾದ ಕೋಶದಲ್ಲಿ ತಾಮ್ರದ ಹಾಳೆಯೇ ಕರಗಿ, ಮತ್ತೆ ಚಾರ್ಜು ಮಾಡುವಾಗ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು.

ಮೋಟರಿನ ದುರಸ್ತಿ ಇದಕ್ಕಿಂತ ಸರಳ. ಕಾರ್ಬನ್ನಿರುವ ಹಳೆಯ ಮಾದರಿಯಲ್ಲಿ ಕಿಡಿ ಹೆಚ್ಚಾದರೆ ಕಾರ್ಬನ್ ಸವೆದಿದೆಯೆಂದು ಅರ್ಥ. ಜೋಡಿ ತಂದು ಹಾಕಿದರೆ ಆಯಿತು. ಕಾರ್ಬನ್ನಿಲ್ಲದ ಬ್ರಷ್‌ಲೆಸ್ ಮೋಟರು ಹೆಚ್ಚು ದಕ್ಷವಾದುದೂ ದೀರ್ಘಾಯುವೂ ಹೌದು. ಆದರೆ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಫಲಕವು ಅಂಟಿನಲ್ಲಿ ಮುಳುಗಿಸಿ ಗಟ್ಟಿಗೊಳಿಸಿದ್ದಾದ್ದರಿಂದ, ಒಂದು ಟ್ರಾನ್ಸಿಸ್ಟರು ಸುಟ್ಟರೂ ಫಲಕವನ್ನೇ ಬದಲಿಸಬೇಕು. ಹ್ಯಾಮರಿನ ಗ್ರೀಸನ್ನು ಆಗಾಗ ತೊಳೆದು ಹೊಸದಾಗಿ ತುಂಬುವ ಕೆಲಸವನ್ನು ಮಾಲೀಕನೇ ಮಾಡಿಕೊಳ್ಳಬಹುದು.

ಮಾರ್ಪಾಡುಗಳಲ್ಲಿ ಕೆಲವು ಮೆಚ್ಚತಕ್ಕವು. ಮೂರು ಕೋಶಗಳ, 12 ವೋಲ್ಟೆಂದು ಮಾರುವ ಡ್ರಿಲ್ಲಿನ ಬ್ಯಾಟರಿ ಸತ್ತಾಗ ಅದರ ಬರಿಯ ಕವಚವನ್ನು ಉಳಿಸಿಕೊಂಡು, ತಂತಿ ಎಳೆದು, ಔಷಧಿ ಹೊಡೆಯುವ ಬ್ಯಾಟರಿ ಪಂಪಿನ 12 ವೋಲ್ಟ್ ಸೀಸದ ಬ್ಯಾಟರಿಗೆ ಜೋಡಿಸುವುದು ಅಂಥದು. ಮೂರು ಲಿಥಿಯಂ ಕೋಶಗಳ ಪೂರ್ಣ ವಿಭವ 12.6, ತುಂಬಿದ ಸೀಸದ ಬ್ಯಾಟರಿಯದು ಸುಮಾರು 12.7, ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸವೇ ತಿಳಿಯದು. ನಡುವೆ ಒಂದು ಫ್ಯೂಸ್ ಇರಲೇಬೇಕು. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಯಂತ್ರಕ್ಕೆ ಕೂರಿಸುವ ಪ್ಲಾಸ್ಟಿಕ್ ಅಡಾಪ್ಟರುಗಳು ಕೆಲಸಕ್ಕೆ ಬರುತ್ತವೆಯಾದರೂ, ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ಬರಿದಾಗದಂತೆ ತಡೆಯುವ ಹೊಣೆ ಯಂತ್ರದ್ದಾಗಿರುವುದರಿಂದ, ಅನ್ಯಗೃಹದಲ್ಲಿ ಆ ಕಾವಲು ತಪ್ಪಿಹೋಗುತ್ತದೆ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕವಚದಲ್ಲಿ ಲಿಥಿಯಂ ಕೋಶಗಳನ್ನು ಹಾಕಿ ಹಳೆಯ ಚಾರ್ಜರನ್ನೇ ಬಳಸುವ ಸಾಹಸವನ್ನಂತೂ ಮಾಡಬಾರದು. ಅದು ಮನೆಗೆ ಬೆಂಕಿಯಿಡುವ ದಾರಿ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಒಂದು. ತೋಟದಲ್ಲಿ ಬಳಸುವ ಚಾರ್ಜಿಂಗ್ ಗರಗಸವು ಕೃಷಿ ಉಪಕರಣವೋ ಬಡಗಿಯ ಉಪಕರಣವೋ ಎಂಬ ಪ್ರಶ್ನೆಗೆ ನ್ಯಾಯಮೀಮಾಂಸಕರು ಉತ್ತರ ಹುಡುಕಲಿ. ಬಿಡಿಭಾಗ ಸಿಗದಿದ್ದಾಗ ಇಬ್ಬರ ಕಷ್ಟವೂ ಸಮಾನವೇ. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಉಬ್ಬಿದ ಅಥವಾ ಸತ್ತ ಕೋಶಗಳನ್ನು ಗೊಬ್ಬರಗುಂಡಿಗೋ ಬಚ್ಚಲೊಲೆಗೋ ಎಸೆಯದೆ, ಅವುಗಳ ಎರಡೂ ತುದಿಗೆ ಟೇಪು ಸುತ್ತಿ, ಬೇರೆ ಲೋಹ ತಾಗದಂತೆ ಮಣ್ಣಿನ ಮಡಕೆಯಲ್ಲೋ ಮರಳಿನ ಡಬ್ಬಿಯಲ್ಲೋ ಹಾಕಿ ಜಗಲಿಯ ಹೊರಗೆ ಇಟ್ಟು, ಮುಂದಿನ ಸಲ ಸಿರಸಿಗೆ ಹೋಗುವಾಗ ಕೊಂಡ ಅಂಗಡಿಗೇ ಹಿಂದಿರುಗಿಸತಕ್ಕದ್ದು.