ಕಟ್ಟಡ ಕಾಮಗಾರಿಯಲ್ಲಿ ಮಾಹಿತಿ ನಿರ್ವಹಣೆ: ಅಂತಿಮ ನಕ್ಷೆ ಯಾವುದು?

ಮಧ್ಯಮ ಗಾತ್ರದ ಆಸ್ಪತ್ರೆಯೊಂದನ್ನು ಕಟ್ಟಲು ವಾಸ್ತುಶಿಲ್ಪಿಯ ನಕ್ಷೆ, ಕಂಬ-ತೊಲೆಗಳ ನಕ್ಷೆ, ವಿದ್ಯುತ್, ಕೊಳಾಯಿ, ಹವಾನಿಯಂತ್ರಣ, ಅಗ್ನಿಶಾಮಕ ವ್ಯವಸ್ಥೆಗಳ ನಕ್ಷೆ ಹೀಗೆ ನೂರಾರು ಹಾಳೆಗಳು ಬೇಕಾಗುತ್ತವೆ. ಕೆಲಸ ಮುಗಿಯುವ ವೇಳೆಗೆ ಅವುಗಳಲ್ಲಿ ಬಹುಪಾಲು ಹಾಳೆಗಳು ಹಲವು ಬಾರಿ ತಿದ್ದುಪಡಿ ಕಂಡಿರುತ್ತವೆ. ಲೆಕ್ಕಾಚಾರಗಳು, ಪರೀಕ್ಷಾ ವರದಿಗಳು, ಪತ್ರ ವ್ಯವಹಾರ, ಅಳತೆ, ಬಿಲ್ಲುಗಳು ಬೇರೆ. ಇಷ್ಟರ ನಡುವೆ, ಕಂಬಿ ಕಟ್ಟುವವನ ಕೈಯಲ್ಲಿರುವ ಹಾಳೆ ಅಂತಿಮವಾದದ್ದೇ, ಅದನ್ನು ಒಪ್ಪಿದವರು ಯಾರು ಎಂಬ ಪ್ರಶ್ನೆಗೆ ತಕ್ಷಣ ಉತ್ತರ ದೊರೆಯಬೇಕು. ನಿರ್ಮಾಣ ಕ್ಷೇತ್ರದ ಮಾಹಿತಿ ನಿರ್ವಹಣೆ ಎಂದರೆ ಮೂಲತಃ ಇದೇ. ಯಾವ ತಂತ್ರಾಂಶ ಕೊಳ್ಳಬೇಕೆಂಬುದು ನಂತರದ ಮಾತು.

ಈ ಉತ್ತರ ಸಿಗದಿದ್ದರೆ ಏನಾಗಬಹುದು ಎಂಬುದಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠವಾಗಿ ಹೇಳುವ ಪ್ರಕರಣವೊಂದಿದೆ.

ಒಂದು ಸರಳು ಎರಡಾದಾಗ

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲ ಹಜಾರದಲ್ಲಿ, ಎರಡನೆಯ ಮತ್ತು ನಾಲ್ಕನೆಯ ಅಂತಸ್ತುಗಳ ಮಟ್ಟದಲ್ಲಿ ಒಂದರ ಮೇಲೊಂದರಂತೆ ಎರಡು ತೂಗು ಕಾಲುದಾರಿಗಳಿದ್ದವು. ಮೂಲ ವಿನ್ಯಾಸದ ಪ್ರಕಾರ ಛಾವಣಿಯಿಂದ ಇಳಿದ ಉದ್ದನೆಯ ಉಕ್ಕಿನ ಸರಳುಗಳೇ ಎರಡೂ ದಾರಿಗಳನ್ನು ಹೊರಬೇಕಿತ್ತು. ಅಷ್ಟುದ್ದದ ಸರಳಿಗೆ ಮರೆ ಕೊರೆದು ನಟ್ಟು ಏರಿಸುವುದು ಕಷ್ಟವೆಂದು, ಉಕ್ಕಿನ ಕೆಲಸ ವಹಿಸಿಕೊಂಡಿದ್ದ ಸಂಸ್ಥೆಯು ಒಂದು ಸರಳಿನ ಬದಲು ಎರಡು ಗಿಡ್ಡ ಸರಳುಗಳನ್ನು ಸೂಚಿಸಿತು. ಮೊದಲನೆಯದು ಛಾವಣಿಯಿಂದ ಮೇಲಿನ ದಾರಿಗೆ, ಎರಡನೆಯದು ಮೇಲಿನ ದಾರಿಯಿಂದ ಕೆಳಗಿನದಕ್ಕೆ.

ನೋಡಲು ಸಣ್ಣ ಬದಲಾವಣೆ. ಆದರೆ ಅಡುಗೆಮನೆಯ ಜಂತಿಗೆ ಕಟ್ಟಿದ ಒಂದೇ ಹಗ್ಗಕ್ಕೆ ಎರಡು ನೆಲುವುಗಳನ್ನು ಬೇರೆ ಬೇರೆ ಎತ್ತರದಲ್ಲಿ ಬಿಗಿಯುವುದಕ್ಕೂ, ಕೆಳಗಿನ ನೆಲುವನ್ನು ಮೇಲಿನ ನೆಲುವಿನ ತಳಕ್ಕೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಓದುಗರು ಊಹಿಸಬಲ್ಲರು. ಮೇಲಿನ ದಾರಿಯ ಜೋಡಣೆಯ ಮೇಲೆ ಬೀಳುವ ಭಾರ ಇಮ್ಮಡಿಯಾಯಿತು. ಬದಲಾದ ನಕ್ಷೆಯ ಮೇಲೆ ಎಂಜಿನಿಯರುಗಳ ಮೊಹರು ಬಿತ್ತು, ಹೊಸ ಲೆಕ್ಕಾಚಾರ ಮಾತ್ರ ಆಗಲಿಲ್ಲ. ಬದಲಾವಣೆಯ ಬಗ್ಗೆ ದೂರವಾಣಿಯಲ್ಲಿ ಏನು ಮಾತಾಯಿತು ಎಂಬ ವಿಷಯದಲ್ಲಿ ಎರಡೂ ಕಡೆಯವರು ಮುಂದೆ ಬೇರೆ ಬೇರೆ ಹೇಳಿಕೆ ನೀಡಿದರು. 1981ರ ಜುಲೈ 17ರ ಸಂಜೆ, ಹಜಾರದಲ್ಲಿ ನೃತ್ಯ ಕೂಟ ನಡೆಯುತ್ತಿದ್ದಾಗ ಎರಡೂ ದಾರಿಗಳು ಕುಸಿದು 114 ಮಂದಿ ಮೃತಪಟ್ಟರು. ಮೂಲ ವಿನ್ಯಾಸವೂ ನಗರದ ನಿಯಮ ಬಯಸುವಷ್ಟು ಬಲವಾಗಿರಲಿಲ್ಲ ಎಂಬುದು ತನಿಖೆಯಲ್ಲಿ ತಿಳಿದುಬಂತು. ಹೊಣೆ ಹೊತ್ತಿದ್ದ ಎಂಜಿನಿಯರುಗಳು ಪರವಾನಗಿ ಕಳೆದುಕೊಂಡರು.

ಪ್ರಾಣಹಾನಿಯಿಲ್ಲದ, ಆದರೆ ಅಷ್ಟೇ ಬೋಧಪ್ರದವಾದ ಇನ್ನೊಂದು ಪ್ರಕರಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಲಾಫೆನ್‌ಬುರ್ಗ್‌ನದು. ರೈನ್ ನದಿಗೆ ಎರಡೂ ದಡಗಳಿಂದ ಸೇತುವೆ ಕಟ್ಟಲಾಗುತ್ತಿತ್ತು. ಎತ್ತರ ಅಳೆಯಲು ಜರ್ಮನಿಯು ಉತ್ತರ ಸಮುದ್ರದ ಮಟ್ಟವನ್ನು, ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ ಸಮುದ್ರದ ಮಟ್ಟವನ್ನು ಆಧಾರವಾಗಿ ಹಿಡಿಯುತ್ತವೆ. ಇವೆರಡರ ನಡುವೆ 27 ಸೆಂಟಿಮೀಟರ್ ಅಂತರವಿರುವುದು ಎಲ್ಲರಿಗೂ ತಿಳಿದಿತ್ತು. ಆದರೆ ಕೂಡಿಸಬೇಕಾದಲ್ಲಿ ಕಳೆದದ್ದರಿಂದ ಅಂತರ ಅಳಿಯುವ ಬದಲು 54 ಸೆಂಟಿಮೀಟರ್ ಆಯಿತು. ಸೇತುವೆ ಪೂರ್ಣಗೊಳ್ಳುವ ಮೊದಲೇ ಇದು ಪತ್ತೆಯಾದದ್ದು ಪುಣ್ಯ. ಗಮನಿಸಿ, ಆ ವೇಳೆಗೆ ಎರಡೂ ದೇಶಗಳ ಕಚೇರಿಗಳಲ್ಲಿ ಕಂಪ್ಯೂಟರುಗಳಿಗೆ ಕೊರತೆಯಿರಲಿಲ್ಲ.

ಕಂಪ್ಯೂಟರು ಬಂದ ಮೇಲೆ

1980ರ ದಶಕದಿಂದ ನಕ್ಷೆ ಬಿಡಿಸುವ ಹಲಗೆಯ ಜಾಗಕ್ಕೆ ಕ್ಯಾಡ್ ತಂತ್ರಾಂಶ ಬಂತು. ಕೆಲಸ ಚುರುಕಾಯಿತು, ಆದರೆ ಕಾಗದದ ಗೆರೆ ಪರದೆಯ ಗೆರೆಯಾಯಿತೇ ಹೊರತು ಆ ಗೆರೆ ಗೋಡೆಯೋ ಕೊಳವೆಯೋ ಎಂಬುದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಒಬ್ಬರ ತಂತ್ರಾಂಶದ ಕಡತ ಇನ್ನೊಬ್ಬರಲ್ಲಿ ತೆರೆಯದು, ತೆರೆದರೂ ಅರ್ಧ ಮಾಹಿತಿ ಮಾಯ. ಹೀಗೆ ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ನಮೂದಿಸುವುದರಿಂದ, ಹುಡುಕುವುದರಿಂದ, ತಾಳೆ ನೋಡುವುದರಿಂದ ಅಮೆರಿಕದ ಬೃಹತ್ ಕಟ್ಟಡ ಹಾಗೂ ಸ್ಥಾವರಗಳ ಕ್ಷೇತ್ರಕ್ಕೆ 2002ರ ಒಂದೇ ವರ್ಷದಲ್ಲಿ 1,580 ಕೋಟಿ ಡಾಲರ್ ನಷ್ಟವಾಗಿದೆ ಎಂದು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯು 2004ರಲ್ಲಿ ಅಂದಾಜು ಮಾಡಿತು. ಇದರಲ್ಲಿ ಸುಮಾರು ಮೂರನೇ ಎರಡು ಪಾಲು ಬಿದ್ದದ್ದು ವಿನ್ಯಾಸಕಾರರ ಮೇಲಾಗಲಿ ಗುತ್ತಿಗೆದಾರರ ಮೇಲಾಗಲಿ ಅಲ್ಲ, ಕಟ್ಟಡವನ್ನು ಬಳಸಿ ನಿರ್ವಹಿಸುವ ಮಾಲೀಕರ ಮೇಲೆ.

ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಸಂಕ್ಷಿಪ್ತವಾಗಿ ‘ಬಿಮ್’ ಎಂಬ ಪದ್ಧತಿ ಇದಕ್ಕೆ ಪರಿಹಾರವೆಂದು ಪ್ರಚಾರ ಪಡೆಯಿತು. ಇದರಲ್ಲಿ ಗೋಡೆಯು ಎರಡು ಗೆರೆಗಳಾಗಿರದೆ ದಪ್ಪ, ಸಾಮಗ್ರಿ, ಬೆಂಕಿ ತಾಳುವ ಅವಧಿ ಮೊದಲಾದ ಗುಣಗಳನ್ನು ಹೊತ್ತ ಒಂದು ವಸ್ತುವಾಗಿರುತ್ತದೆ. ತೊಲೆಯನ್ನು ಸೀಳಿಕೊಂಡು ಹವಾನಿಯಂತ್ರಣದ ಕೊಳವೆ ಹಾದುಹೋದರೆ ತಂತ್ರಾಂಶವೇ ಎಚ್ಚರಿಸುತ್ತದೆ. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಪರಸ್ಪರ ಮಾತನಾಡಲು ‘ಐಎಫ್‌ಸಿ’ ಎಂಬ ಮುಕ್ತ ಕಡತ ಮಾದರಿಯನ್ನು 1990ರ ದಶಕದಲ್ಲಿ ರೂಪಿಸಲಾಯಿತು. 2013ರಲ್ಲಿ ಅದು ಐಎಸ್ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಬ್ರಿಟನ್ ಸರ್ಕಾರವು 2016ರಿಂದ ಕೇಂದ್ರ ಇಲಾಖೆಗಳ ಕಾಮಗಾರಿಗಳಿಗೆ ಬಿಮ್ ಕಡ್ಡಾಯಗೊಳಿಸಿತು.

ಆದರೂ ಬಣ್ಣ ಬಣ್ಣದ ಮೂರು ಆಯಾಮದ ಚಿತ್ರಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು, ಅದರ ಬೆನ್ನಿಗೆ ಬಂದ ಒಂದು ನೀರಸ ಶಿಸ್ತು. 2018ರಲ್ಲಿ ಪ್ರಕಟವಾದ ಐಎಸ್ಒ 19650 ಮಾನಕದ ಪ್ರಕಾರ ಯೋಜನೆಯ ಎಲ್ಲ ಕಡತಗಳಿಗೂ ಎಲ್ಲರೂ ಬಳಸುವ ಒಂದೇ ಭಂಡಾರವಿರಬೇಕು, ಪ್ರತಿ ಕಡತವೂ ನಾಲ್ಕು ಸ್ಥಿತಿಗಳಲ್ಲೊಂದರಲ್ಲಿರಬೇಕು. ವಿನ್ಯಾಸಕಾರರು ಇನ್ನೂ ಕೆಲಸ ಮಾಡುತ್ತಿರುವುದು ಮೊದಲನೆಯದು. ಅದು ಅವರ ತಂಡದ ಹೊರಗೆ ಯಾರಿಗೂ ಕಾಣಬಾರದು. ಇತರ ತಂಡಗಳ ಪರಿಶೀಲನೆಗೆ ಹಂಚಿದ್ದು ಎರಡನೆಯದು. ಅಧಿಕಾರವುಳ್ಳವರು ಒಪ್ಪಿ ಪ್ರಕಟಿಸಿದ್ದು ಮೂರನೆಯದು, ಕಟ್ಟುವವರು ಇದನ್ನು ಮಾತ್ರ ಬಳಸಬೇಕು. ಹಳತಾಗಿ ಬದಿಗೆ ಸರಿದದ್ದು ನಾಲ್ಕನೆಯದು. ಅದನ್ನು ಅಳಿಸುವಂತಿಲ್ಲ, ಯಾರು ಯಾವಾಗ ಬದಲಿಸಿದರು ಎಂಬುದಕ್ಕೆ ಅದೇ ಸಾಕ್ಷಿ. ಕಡತದ ಹೆಸರಿಗೂ ನಿಯಮವುಂಟು. ಯೋಜನೆ, ತಯಾರಿಸಿದ ಸಂಸ್ಥೆ, ಕಟ್ಟಡದ ಭಾಗ, ಅಂತಸ್ತು, ಕಡತದ ಬಗೆ, ಕ್ರಮಸಂಖ್ಯೆ ಎಲ್ಲವೂ ಹೆಸರಿನಲ್ಲೇ ಬರಬೇಕು. ‘ಫೈನಲ್’, ‘ಫೈನಲ್-2’, ‘ಹೊಸ ಫೈನಲ್’ ಎಂಬ ಹೆಸರುಗಳನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತು.

ನಮ್ಮ ಅಳತೆ ಪುಸ್ತಕ

ಇದನ್ನೆಲ್ಲ ಪಶ್ಚಿಮದ ಹೊಸ ಆವಿಷ್ಕಾರವೆಂದು ಭಾವಿಸಬೇಕಾಗಿಲ್ಲ. ನಮ್ಮ ಲೋಕೋಪಯೋಗಿ ಇಲಾಖೆಗಳಲ್ಲಿ ‘ಎಂ.ಬಿ.’ ಎಂದೇ ಕರೆಯಲಾಗುವ ಅಳತೆ ಪುಸ್ತಕದ ನಿಯಮಗಳನ್ನು ನೆನೆಯಬಹುದು. ಪುಟಗಳಿಗೆ ಮೊದಲೇ ಅಂಕಿ ಮುದ್ರಿತವಾಗಿರಬೇಕು. ಒಂದು ಪುಟವನ್ನೂ ಹರಿಯುವಂತಿಲ್ಲ. ತಪ್ಪಾದ ನಮೂದನ್ನು ಉಜ್ಜಿ ಅಳಿಸದೆ, ಓದಲು ಬರುವಂತೆ ಹೊಡೆದುಹಾಕಿ, ಸರಿಯಾದದ್ದನ್ನು ಬರೆದು ದಿನಾಂಕ ಸಹಿತ ಸಹಿ ಮಾಡಬೇಕು. ಮೇಲಧಿಕಾರಿ ತಾಳೆ ನೋಡಿದ ಮೇಲೆಯೇ ಬಿಲ್ಲು. ಐಎಸ್ಒ 19650 ಹೇಳುವುದರ ತಿರುಳು ಇದಕ್ಕಿಂತ ಬಹಳ ದೂರವೇನಿಲ್ಲ. ಈ ಪುಸ್ತಕದ ನಿಯಮ ಮುರಿದು ಹಣ ಎತ್ತಿದವರೂ ಇದ್ದಾರೆ ಎಂಬುದು ನಿಜ. ಆದರೆ ಮುರಿದದ್ದು ಪತ್ತೆಯಾಗುವುದೂ ಆ ನಿಯಮಗಳಿಂದಲೇ. ವಿಷಾದವೆಂದರೆ ಅಳತೆಗೆ ಇದ್ದ ಈ ಕಟ್ಟುನಿಟ್ಟು ನಕ್ಷೆಗಳಿಗೆ ಬರಲಿಲ್ಲ. ಇಂದು ಅನೇಕ ಕಡೆ ತಿದ್ದುಪಡಿಯಾದ ನಕ್ಷೆ ವಾಟ್ಸ್ಆ್ಯಪ್‌ನಲ್ಲಿ ಮೇಸ್ತ್ರಿಯ ಮೊಬೈಲಿಗೆ ಬರುತ್ತದೆ. ಹಿಂದಿನದೂ ಅಲ್ಲೇ ಇರುತ್ತದೆ, ಯಾವುದು ಜಾರಿಯಲ್ಲಿದೆ ಎಂದು ಹೇಳುವವರಿಲ್ಲ.

ದೇಶದ ಮಟ್ಟದಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2020ರಲ್ಲಿ ‘ಡೇಟಾ ಲೇಕ್’ ವ್ಯವಸ್ಥೆ ತಂದು ಯೋಜನೆಗಳ ದಾಖಲೆ, ಅನುಮೋದನೆಗಳನ್ನು ಅದರ ಮೂಲಕವೇ ನಡೆಸಲು ತೀರ್ಮಾನಿಸಿತು. ನೆಲ ಅಗೆಯುವವರನ್ನೂ ನೆಲದಡಿಯ ಕೇಬಲ್, ಕೊಳವೆಗಳ ಮಾಲೀಕರನ್ನೂ ಮುಂಚಿತವಾಗಿ ಸಂಪರ್ಕಕ್ಕೆ ತರುವ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ರಸ್ತೆ ಅಗೆತ ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

ಕಟ್ಟಿ ಮುಗಿದ ಮೇಲೆ

ಮಾಹಿತಿಯ ನಿಜವಾದ ಪರೀಕ್ಷೆ ಗುತ್ತಿಗೆದಾರ ಬೀಗದ ಕೈ ಒಪ್ಪಿಸಿ ಹೋದ ಮೇಲೆ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಬಿದ್ದು 72 ಮಂದಿ ಪ್ರಾಣ ಕಳೆದುಕೊಂಡರು. ನವೀಕರಣದ ವೇಳೆ ಹೊರಗೋಡೆಗೆ ಹೊದಿಸಿದ್ದ ದಹ್ಯ ಹೊದಿಕೆಯೇ ಬೆಂಕಿ ಹರಡಲು ಪ್ರಮುಖ ಕಾರಣವಾಯಿತು. ಎತ್ತರದ ವಸತಿ ಕಟ್ಟಡಗಳ ಪರಿಷ್ಕೃತ ನಕ್ಷೆಗಳನ್ನು ಕಾಗದದಲ್ಲೂ ವಿದ್ಯುನ್ಮಾನ ರೂಪದಲ್ಲೂ ಅಗ್ನಿಶಾಮಕ ದಳಕ್ಕೆ ಒದಗಿಸುವುದನ್ನು ಮಾಲೀಕರಿಗೆ ಕಡ್ಡಾಯ ಮಾಡಬೇಕೆಂದು ವಿಚಾರಣಾ ಆಯೋಗವು 2019ರ ವರದಿಯಲ್ಲಿ ಶಿಫಾರಸು ಮಾಡಿತು. ಅದಕ್ಕೂ ಮೊದಲು, 2018ರಲ್ಲಿ, ಜೂಡಿತ್ ಹ್ಯಾಕಿಟ್ ಅವರ ವರದಿಯು ವಿನ್ಯಾಸದಿಂದ ವಾಸದವರೆಗೆ ಕಡಿಯದೆ ಸಾಗುವ ಮಾಹಿತಿಯ ‘ಚಿನ್ನದ ಎಳೆ’ ಇರಬೇಕೆಂದಿತ್ತು. ಕಟ್ಟಡ ಸುರಕ್ಷತೆಗಾಗಿ 2022ರಲ್ಲಿ ಬಂದ ಕಾಯಿದೆಯಡಿ, ಇಂಗ್ಲೆಂಡಿನ 18 ಮೀಟರ್ ಅಥವಾ 7 ಅಂತಸ್ತುಗಳಿಗೆ ಕಡಿಮೆಯಿಲ್ಲದ ವಸತಿ ಕಟ್ಟಡಗಳಿಗೆ ಇದು ಕಾನೂನಿನ ಹೊಣೆಯಾಗಿದೆ.

ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ರೇರಾ, ಈ ದಿಕ್ಕಿನಲ್ಲಿ ಅರ್ಧ ದಾರಿ ಬಂದಿದೆ. ಮಂಜೂರಾದ ನಕ್ಷೆಯಂತೆಯೇ ಕಟ್ಟಬೇಕು, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕಂಡ ರಚನಾ ದೋಷವನ್ನು ನಿರ್ಮಾಣದಾರರೇ ಸರಿಪಡಿಸಿಕೊಡಬೇಕು ಎಂದು ಅದರ 14ನೆಯ ಸೆಕ್ಷನ್ ಹೇಳುತ್ತದೆ. ದಾಖಲೆ ಮತ್ತು ನಕ್ಷೆಗಳನ್ನು ನಿವಾಸಿಗಳ ಸಂಘಕ್ಕೆ ಹಸ್ತಾಂತರಿಸಬೇಕೆಂಬುದು 17ನೆಯ ಸೆಕ್ಷನ್. ಸ್ಥಳೀಯ ಕಾನೂನು ಇಲ್ಲದ ಕಡೆ ಇದಕ್ಕೆ 30 ದಿನಗಳ ಗಡುವಿದೆ. ಆದರೆ ಯಾವ ರೂಪದಲ್ಲಿ ಕೊಡಬೇಕು, ಮಂಜೂರಾದ ನಕ್ಷೆಯಷ್ಟೇ ಸಾಕೇ ಅಥವಾ ವಾಸ್ತವವಾಗಿ ಕಟ್ಟಿದ್ದರ ನಕ್ಷೆಯೂ ಬೇಕೇ ಎಂಬುದನ್ನು ಈ ಸೆಕ್ಷನ್ ಬಿಡಿಸಿ ಹೇಳುವುದಿಲ್ಲ. ಗೋಡೆಯೊಳಗಿನ ತಂತಿ ಎಲ್ಲಿ ಹಾದಿದೆ ಎಂಬುದು ಮಂಜೂರಾತಿ ನಕ್ಷೆಯಲ್ಲಿ ಇರುವುದಿಲ್ಲ.

ಆದಕಾರಣ ಸಂಘಗಳು ಹಸ್ತಾಂತರಕ್ಕೆ ಮುನ್ನವೇ ಲಿಖಿತವಾಗಿ ಕೇಳಿ ಪಡೆಯುವುದು ಒಳಿತು. ಕಟ್ಟಿದಂತೆ ತಿದ್ದಿದ ರಚನಾ, ವಿದ್ಯುತ್, ನೀರು, ಒಳಚರಂಡಿ ಹಾಗೂ ಅಗ್ನಿಶಾಮಕ ನಕ್ಷೆಗಳು, ಕಾಂಕ್ರೀಟ್ ಪರೀಕ್ಷಾ ವರದಿಗಳು, ಲಿಫ್ಟ್ ಮತ್ತು ಪಂಪುಗಳ ಖಾತರಿ ಪತ್ರಗಳು ಅದರಲ್ಲಿರಲಿ. ಪಿಡಿಎಫ್ ಪ್ರತಿಯ ಜೊತೆಗೆ ಮೂಲ ಕ್ಯಾಡ್ ಕಡತಗಳನ್ನೂ, ಬಿಮ್ ಬಳಸಿದ್ದಲ್ಲಿ ಐಎಫ್‌ಸಿ ಕಡತವನ್ನೂ ಕೇಳಬೇಕು. ಅವುಗಳನ್ನು ಕಾರ್ಯದರ್ಶಿಯ ಸ್ವಂತ ಇ-ಮೇಲ್‌ನಲ್ಲಿ ಇಡದೆ ಸಂಘದ ಹೆಸರಿನ ಖಾತೆಯಲ್ಲಿ ಇರಿಸಿ, ಮುದ್ರಿತ ಪ್ರತಿಯೊಂದನ್ನು ಕಾವಲುಗಾರನ ಕೊಠಡಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಕೈಗೆ ಎಟಕುವಂತೆ ಇಡಬಹುದು.